ನಿಮ್ಗೆ ನೋಮೈತಾ?

ದೀಪಾವಳಿ ಹತ್ತಿರ ಬಂತೆಂದರೆ ಕೋಲಾರದ ಕಡೆ ನೆಂಟರು, ನೆರೆಯವರು, ಬಸ್ಸಿನಲ್ಲಿ ಪಕ್ಕ ಕೂತವರು ಕೂಡ ಕೇಳುವ ಪ್ರಶ್ನೆ ಒಂದೇ: ‘ನಿಮ್ಗೆ ನೋಮೈತಾ?’ ಬಟ್ಟೆ, ಪಟಾಕಿ ವಿಚಾರವೆಲ್ಲ ಆಮೇಲೆ. ಕೇದಾರೇಶ್ವರನ ನೋಮು, ಅಂದರೆ ವ್ರತ, ಇರುವ ಮನೆ, ಇಲ್ಲದ ಮನೆ ಎಂದು ವಕ್ಕಲೇರಿಯಿಂದ ಮುಳಬಾಗಿಲು, ಶ್ರೀನಿವಾಸಪುರದ ತನಕ ಒಂದೊಂದು ಬೀದಿಯೂ ಎರಡು ಪಾಲಾಗುತ್ತದೆ. ನೋಮಿದ್ದವರ ಮನೆಯಲ್ಲಿ ಅಕ್ಕಿ ನೆನೆದು, ನೆರಳಲ್ಲಿ ಆರಿ, ಇನ್ನೂ ತೇವ ಇರುವಾಗಲೇ ಹಿಟ್ಟಾಗಿ ಬೆಲ್ಲದ ಪಾಕಕ್ಕೆ ಬಿದ್ದಿರುತ್ತದೆ. ಮೇಲೊಂದಿಷ್ಟು ಗಸಗಸೆ, ಎಳ್ಳು. ರಾತ್ರಿಯೆಲ್ಲ ಹದಕ್ಕೆ ಕೂತ ಆ ಮುದ್ದೆ ಮಾರನೆಯ ದಿನ ಕಜ್ಜಾಯವಾಗುತ್ತದೆ. ಪೂಜೆಗೆ ಇಡುವುದೆಲ್ಲ 21ರ ಲೆಕ್ಕ. ಕಜ್ಜಾಯ 21, ವೀಳ್ಯದೆಲೆ 21, ಅಡಿಕೆ 21, ದಾರಕ್ಕೂ 21 ಎಳೆ. ಎಣಿಸುವ ಕೆಲಸ ಮಕ್ಕಳದು. ಈ ಕಡೆಯ ಎಷ್ಟೋ ಮಕ್ಕಳು ಇಪ್ಪತ್ತರ ಆಚೆಗಿನ ಅಂಕಿಯನ್ನು ಮೊದಲು ಮುಟ್ಟಿದ್ದು ಕಜ್ಜಾಯದ ಮೊರದ ಮುಂದೆಯೇ ಎಂದರೆ ತಪ್ಪಾಗಲಾರದು. ಪೂಜೆ ಮುಗಿದ ಮೇಲೆ ನೋಮುದಾರ ಮನೆಮಂದಿಯ ಕೈಗೇರುತ್ತದೆ. ನೋಮಿಲ್ಲದ ಮನೆಯ ಮಕ್ಕಳು ಎಣ್ಣೆಯ ವಾಸನೆ ಹಿಡಿದು ನೋಮಿದ್ದವರ ಜಗಲಿಯ ಸುತ್ತ ಸುಳಿಯುತ್ತಿರುತ್ತವೆ.

ನೋಮಿಲ್ಲದವರು ಬೇಕೆಂದರೆ ಅದನ್ನು ಶುರು ಮಾಡಲೂಬಹುದು. ನೋಮಿರುವ ಮನೆಯವರ ಜತೆ ಕೂತು, ಅವರಿಂದ ದಾರ ಪಡೆದು ‘ಎತ್ತಿಕೊಳ್ಳಬೇಕು’ ಎಂಬುದು ನಮ್ಮ ಕಡೆಯ ಹಿರಿಯರ ಮಾತು. ಈ ಒಂದು ಮಾತು ನನಗೆ ಬಹಳ ಇಷ್ಟ. ‘ನಮ್ಮ ತಾತ ಮುತ್ತಾತನ ಕಾಲದಿಂದ ಬಂದದ್ದು’ ಎಂದು ಎದೆ ಮುಂದೆ ಮಾಡಿ ಹೇಳುವ ಯಾವ ಮನೆಯ ನೋಮಿಗೂ ಒಂದು ಮೊದಲ ವರ್ಷ ಇತ್ತು ಎಂದಾಯಿತಲ್ಲ. ಆ ವರ್ಷ ಯಾರೋ ಒಬ್ಬ ಸೊಸೆ ಪಕ್ಕದ ಮನೆಯ ಹೊಗೆಗೂಡಿನ ಕಡೆ ನೋಡಿ, ನಮ್ಮ ಮಕ್ಕಳೂ ಎಣಿಸಲಿ ಎಂದುಕೊಂಡಿರಬೇಕು.

ಈಗಿನ ಎಳೆಯ ಅಪ್ಪ ಅಮ್ಮಂದಿರ ಕೊರಗು ಕೇಳಿದಾಗೆಲ್ಲ ಇದು ನೆನಪಾಗುತ್ತದೆ. ನರಸಾಪುರದ ಕೈಗಾರಿಕಾ ಪ್ರದೇಶದ ಸುತ್ತ ಸ್ಕೂಟರ್, ಮೊಬೈಲ್ ಫೋನ್ ಕಾರ್ಖಾನೆಗಳು ಬಂದ ಮೇಲೆ ಹಳ್ಳಿಗಳಲ್ಲಿ ಸಾಲುಸಾಲು ಬಾಡಿಗೆ ಮನೆಗಳೆದ್ದಿವೆ. ಗಂಡ ಒಂದು ಪಾಳಿ, ಹೆಂಡತಿ ಇನ್ನೊಂದು ಪಾಳಿ. ಅಜ್ಜಿ ತಾತ ಇರುವುದು ರಾಯಚೂರಲ್ಲೋ ಮದನಪಲ್ಲಿಯಲ್ಲೋ. ಮಾಲೂರಿನ ಕಡೆಯವರಾದರೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಬರುವವರು. ಇವರೆಲ್ಲರ ಬಾಯಲ್ಲಿ ಒಂದೇ ಮಾತು: ‘ನಮ್ಮ ಮಕ್ಕಳಿಗೆ ಹಬ್ಬ ಅಂದ್ರೇನು ಅಂತಾನೇ ಗೊತ್ತಾಗ್ತಿಲ್ಲ, ಸಾರ್. ಮಾಡಿ ತೋರ್ಸೋಕೆ ನಮ್ಗೇ ಸರಿಯಾಗಿ ಬರಲ್ಲ.’ ಬರದಿದ್ದರೆ ಬೇಡ. ಬರುವುದನ್ನು ಮಾಡಿ. ಅದನ್ನೇ ಮುಂದಿನ ವರ್ಷವೂ ಮಾಡಿ. ಮೂರನೆಯ ವರ್ಷ ನೀವು ಮರೆತರೂ ಮಗು ಮರೆಯುವುದಿಲ್ಲ.

ವರ್ಷವರ್ಷವೂ ಉಳಿದು ಬರುವುದು ಯಾವುದು ಎಂದು ಕೇಳಿದರೆ ವಕ್ಕಲೇರಿಗೆ ‘ಶಾಶ್ವತ’ ಎಂಬುದರ ಬಗ್ಗೆ ಸ್ವಲ್ಪ ಅನುಭವವಿದೆ. ಮಾರ್ಕಂಡೇಶ್ವರ ಬೆಟ್ಟದ ಈ ಊರಿನ ಹೆಸರು ಇತಿಹಾಸದ ಪುಸ್ತಕ ಸೇರಿದ್ದು ಇಲ್ಲಿ ಸಿಕ್ಕ ತಾಮ್ರಪಟಗಳಿಂದ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಬರೆಸಿದ ದಾನಶಾಸನ ಅದು. ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ನಡೆದುಕೊಂಡು ಬರಲಿ ಎಂದೇ ತಾಮ್ರದ ಮೇಲೆ ಕೊರೆಸುವುದು. ಆದರೆ ಕೊಟ್ಟ ರಾಜನೇ ಆ ವಂಶದ ಕೊನೆಯವನು. ಅಷ್ಟರಲ್ಲಾಗಲೇ ರಾಷ್ಟ್ರಕೂಟರು ರಾಜ್ಯದ ಬಹುಪಾಲು ಕಿತ್ತುಕೊಂಡಿದ್ದರು. ಪಟಗಳು ಉಳಿದವು, ಕೊಟ್ಟವರೂ ಪಡೆದವರೂ ಕರಗಿಹೋದರು. ಕಜ್ಜಾಯದ ಪಾಕದ ಹದವನ್ನು ಯಾರೂ ಎಲ್ಲಿಯೂ ಕೊರೆಸಿಡಲಿಲ್ಲ. ಅದು ಇವತ್ತಿಗೂ ಚಾಲ್ತಿಯಲ್ಲಿದೆ.

ಮನೆಯದೇ ಪದ್ಧತಿಯೊಂದನ್ನು ಕಟ್ಟಬೇಕೆಂದರೆ ನಾನು ಎಲ್ಲರಿಗೂ ಹೇಳುವುದು ಅವರೆಕಾಯಿಯಿಂದ ಶುರು ಮಾಡಿ ಎಂದು. ಪಂಚಾಂಗ ಬೇಡ, ಪುರೋಹಿತರು ಬೇಡ. ಡಿಸೆಂಬರ್ ಬಂದು ಇಬ್ಬನಿ ಬಿದ್ದರೆ ಸೊಗಡು ತಾನಾಗಿ ಏರುತ್ತದೆ. ಕೋಲಾರದ ರಸ್ತೆಬದಿಯಲ್ಲಿ ಗೋಣಿಚೀಲದ ರಾಶಿ, ಮೂಸಿ ನೋಡಿ ಕೊಳ್ಳುವ ಜನ. ಎರಡು ಮೂರು ಕಿಲೋ ತಂದು ಪೇಪರ್ ಹಾಸಿ ಸುರಿದರೆ ಮೊದಲ ಸಂಜೆ ಕಾಯಿ ಬಿಡಿಸುವುದು. ಹುಳ ಸಿಕ್ಕಿದವರಿಗೆ ಒಂದು ಕಿರುಚಾಟ ಉಚಿತ. ಕಾಳನ್ನು ರಾತ್ರಿ ನೀರಿಗೆ ಹಾಕಿದರೆ ಬೆಳಗ್ಗೆ ಸಿಪ್ಪೆ ಉಬ್ಬಿ ಸಡಿಲವಾಗಿರುತ್ತದೆ. ಆಮೇಲೆ ಹಿತುಕುವುದು. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ತುದಿ ಒತ್ತಿದರೆ ಬೇಳೆ ಚಿಮ್ಮಿ ಹೊರಬರುತ್ತದೆ. ಪಾತ್ರೆಗೂ ಬೀಳಬಹುದು, ತಂಗಿಯ ಕೆನ್ನೆಗೂ ಬೀಳಬಹುದು.

ಎಳೆಯ ಮಕ್ಕಳಿಗೆ ಇಷ್ಟು ಹೇಳಿ ಮಾಡಿಸಿದ ಕೆಲಸ ನಮ್ಮ ಅಡುಗೆಮನೆಯಲ್ಲಿ ಬೇರೆ ಇಲ್ಲ. ಇದಕ್ಕೆ ಈಳಿಗೆಮಣೆ ಬೇಡ, ಒಲೆಯ ಹತ್ತಿರ ಹೋಗಬೇಕಿಲ್ಲ. ಮೂರು ವರ್ಷದ ಮಗುವಿಗೂ ಆಗುತ್ತದೆ. ಕಾಳು ಜಜ್ಜಿಹೋದರೂ ಸಾರಿಗೇ ಹೋಗುತ್ತದೆ, ಬೈಯುವ ಪ್ರಮೇಯವಿಲ್ಲ. ಸಿಪ್ಪೆಯ ಗುಡ್ಡೆ, ಬೇಳೆಯ ಗುಡ್ಡೆ ಕಣ್ಣೆದುರೇ ಬೆಳೆಯುತ್ತವೆ. ಎಲ್ಲಕ್ಕಿಂತ ದೊಡ್ಡ ಲಾಭವನ್ನು ಯಾರೂ ಹೇಳುವುದಿಲ್ಲ: ಹತ್ತೂ ಬೆರಳು ಒದ್ದೆ, ಸೊಗಡಿನ ಅಂಟು ಬೇರೆ, ಹಾಗಾಗಿ ಅಷ್ಟು ಹೊತ್ತು ಮನೆಯಲ್ಲಿ ಯಾರೂ ಮೊಬೈಲ್ ಮುಟ್ಟಲಾರರು. ದೊಡ್ಡವರೂ ಸಿಕ್ಕಿಬೀಳುತ್ತಾರೆ. ಬೇರೆ ದಾರಿಯಿಲ್ಲದೆ ಮಾತು ಶುರುವಾಗುತ್ತದೆ. ಮಕ್ಕಳು ‘ನೀವು ಚಿಕ್ಕವರಿದ್ದಾಗ’ ಎಂದು ಕೇಳುವುದು ಇಂಥ ಹೊತ್ತಲ್ಲೇ. ಮಧ್ಯಾಹ್ನಕ್ಕೆ ಹಿತುಕಿದ ಬೇಳೆ ಸಾರು, ಬಿಸಿ ರಾಗಿಮುದ್ದೆ. ಸಿಪ್ಪೆ ಪಕ್ಕದ ಮನೆಯ ಹಸುವಿಗೆ. ಅದನ್ನು ಕೊಂಡೊಯ್ಯುವುದು ಮನೆಯ ಅತಿ ಕಿರಿಯ ಸದಸ್ಯರ ಹಕ್ಕು ಎಂದು ಮಾಡಿಟ್ಟರೆ ಪದ್ಧತಿಗೆ ಒಂದು ಗತ್ತೂ ಬರುತ್ತದೆ. ತಾರೀಖು ಕಟ್ಟಿಹಾಕಬೇಡಿ. ಗಂಡ ಹೆಂಡತಿ ಇಬ್ಬರಿಗೂ ವಾರದ ರಜೆ ಒಟ್ಟಿಗೆ ಬೀಳುವ ಮೊದಲ ಸೊಗಡಿನ ದಿನ ಎಂದಿಟ್ಟುಕೊಂಡರೆ ಪಾಳಿ ಕೆಲಸದವರಿಗೂ ನಡೆಯುತ್ತದೆ.

ಇದನ್ನೆಲ್ಲ ಹಬ್ಬ ಅನ್ನಬಹುದೇ ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. ಅವರಿಗೆ ಕೊಟ್ಟ ಉತ್ತರ ಇದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ಫೀಸ್ ಮತ್ತು ಸಂಗಡಿಗರು 50 ವರ್ಷಗಳಲ್ಲಿ ಬಂದ 32 ಅಧ್ಯಯನಗಳನ್ನು ಮುಂದಿಟ್ಟುಕೊಂಡು 2002ರಲ್ಲಿ ಒಂದು ವಿಮರ್ಶೆ ಬರೆದರು. ದಿನಚರಿಗೂ ಆಚರಣೆಗೂ ಅವರು ಎಳೆದ ಗೆರೆ ಸರಳವಾಗಿದೆ. ‘ಇದು ಆಗಬೇಕಾದ ಕೆಲಸ’ ಎನ್ನುವುದು ದಿನಚರಿ, ‘ನಾವೆಂದರೆ ಇದು’ ಎನ್ನುವುದು ಆಚರಣೆ. ಕಾಳು ಹಿತುಕುವುದು ಇದರಲ್ಲಿ ಯಾವುದು ಎಂಬುದನ್ನು ಮಗು ತೀರ್ಮಾನಿಸುತ್ತದೆ, ನಾವಲ್ಲ. ಅದೇ ಅಮೆರಿಕದಲ್ಲಿ 1966ರಲ್ಲಿ ಮೌಲಾನಾ ಕರೆಂಗಾ ಎಂಬವರು ಕಪ್ಪು ಜನರ ಮನೆಗಳಿಗಾಗಿ ‘ಕ್ವಾಂಝಾ’ ಎಂಬ ಹಬ್ಬವನ್ನೇ ಹೊಸದಾಗಿ ಕಟ್ಟಿದರು. ಡಿಸೆಂಬರ್ 26ರಿಂದ ಏಳು ದಿನ, ದಿನಕ್ಕೊಂದರಂತೆ ಮೇಣದಬತ್ತಿ. ಚಾಪೆಯ ಮೇಲೆ ಮನೆಯಲ್ಲಿರುವ ಒಂದೊಂದು ಮಗುವಿಗೂ ಒಂದೊಂದು ಮೆಕ್ಕೆಜೋಳದ ತೆನೆ. ಈಗ ಅದನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಕಲಿಸುತ್ತಿದ್ದಾರೆ. ಮೆಕ್ಕೆಜೋಳಕ್ಕೆ ಆ ಮರ್ಯಾದೆ ಸಿಕ್ಕಬಹುದಾದರೆ ನಮ್ಮ ಅವರೆಗೆ ಸಿಗಬಾರದೇ?

ಎಷ್ಟೋ ಪದ್ಧತಿ ಹುಟ್ಟುವುದು ಆಸೆಯಿಂದಲ್ಲ, ಗತಿಯಿಲ್ಲದೆ. ಗಣೇಶನ ವಿಸರ್ಜನೆಯನ್ನೇ ನೋಡಿ. ಕೆರೆಗಳ ಜಿಲ್ಲೆ ಎಂದು ಹೆಸರಾದ ಕೋಲಾರದಲ್ಲಿ ವರ್ಷಗಟ್ಟಲೆ ಕೆರೆಗಳಲ್ಲಿ ಜಾಲಿ ಬೆಳೆದಿತ್ತು. ಕೊಳವೆಬಾವಿ ಸಾವಿರ ಅಡಿ ಇಳಿದರೂ ಧೂಳೆದ್ದ ಕಾಲ ಅದು. ಗಣೇಶನನ್ನು ಬಿಡುವುದೆಲ್ಲಿ? ಟ್ಯಾಂಕರ್ ನೀರು ತುಂಬಿದ ಡ್ರಮ್ಮಿನಲ್ಲಿ. ಪರಿಸರಪ್ರೇಮದ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಬೆಂಗಳೂರಿನ ಕೊಳಚೆಯನ್ನು ಶುದ್ಧಮಾಡಿದ್ದು ಸಾಲದು ಎಂಬ ತಕರಾರು ಇವತ್ತಿಗೂ ಇದೆ, ಅದು ಬೇರೆ ಮಾತು. ನೀರೇನೋ ಬಂತು, ಆದರೆ ಮಕ್ಕಳು ಡ್ರಮ್ಮು ಬಿಡಲೊಲ್ಲರು. ಕೆರೆಗೆ ಬಿಟ್ಟರೆ ಗಣೇಶ ಒಂದು ಗುಳುಂ ಶಬ್ದಕ್ಕೆ ಮುಗಿದುಹೋಗುತ್ತಾನೆ. ಡ್ರಮ್ಮಿನಲ್ಲಾದರೆ ಸೊಂಡಿಲು ಯಾವಾಗ ಕರಗಿತು, ಹೊಟ್ಟೆ ಯಾವಾಗ ಕುಸಿಯಿತು ಎಂದು ಎರಡು ದಿನ ಇಣುಕಬಹುದು. ಆ ಮಣ್ಣು ಕರಿಬೇವಿನ ಕುಂಡಕ್ಕೆ. ಹಿಂದಿನ ದಿನ ಮುಳಬಾಗಿಲಿನ ಹತ್ತಿರದ ಕುರುಡುಮಲೆಗೆ ಹೋಗಿ ಹದಿಮೂರು ಅಡಿಗೂ ಎತ್ತರದ ಏಕಶಿಲೆಯ ಗಣೇಶನನ್ನು ಕತ್ತೆತ್ತಿ ನೋಡಿ ಬಂದ ಮಕ್ಕಳಿಗೆ, ಅಂಗೈಯಗಲದ ಗಣೇಶ ಹೀಗೆ ಕರಗುವುದು ಇನ್ನೂ ದೊಡ್ಡ ಕೌತುಕ.

ಇನ್ನೊಂದು ಮಾತನ್ನು ಗಂಡಸರ ಕಿವಿಗೆ ಹಾಕಬೇಕು. ‘ನಮ್ಮನೆ ಪದ್ಧತಿ’ ಎಂಬ ಹೆಸರಲ್ಲಿ ಹೆಂಡತಿಯ ತಲೆಗೆ ಇನ್ನೊಂದು ಕೆಲಸ ಕಟ್ಟುವುದಾದರೆ ದಯವಿಟ್ಟು ಶುರು ಮಾಡಬೇಡಿ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಹಬ್ಬದ ದಿನದ ಲೆಕ್ಕ ತೆಗೆದರೆ ಹೇಗಿರುತ್ತದೋ ಊಹಿಸಿಕೊಳ್ಳಿ. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಗುಡ್ಡೆ ಮಾಂಸ ತರುವ ಉತ್ಸಾಹ ನಮ್ಮಲ್ಲಿ ಎಷ್ಟೋ ಗಂಡಸರಿಗೆ ಇದೆ. ವರ್ಷವಿಡೀ ಚೀಟಿ ಕಟ್ಟಿರುತ್ತಾರೆ, ಬೆಳಗಿನ ಜಾವ ಎದ್ದು ಹೋಗುತ್ತಾರೆ, ಗುಡ್ಡೆ ಸಮನಾಗಿದೆಯೇ ಎಂದು ನಾಲ್ಕು ಸಲ ನೋಡುತ್ತಾರೆ. ತಂದು ಕಟ್ಟೆಯ ಮೇಲಿಟ್ಟರೆ ಅವರ ಹಬ್ಬ ಮುಗಿಯಿತು. ಅಲ್ಲಿಂದಾಚೆಗೆ ಮಸಾಲೆ ರುಬ್ಬುವವರು, ಪಾತ್ರೆ ತಿಕ್ಕುವವರು ಯಾರು ಎಂಬುದನ್ನು ಮಕ್ಕಳು ನೋಡುತ್ತಲೇ ಇರುತ್ತವೆ. ಅವು ಕಲಿಯುವ ಪದ್ಧತಿ ಅದೇ. ನಮ್ಮ ಮನೆಯಲ್ಲಿ ಹೊಸತೊಡಕಿನ ಪಾತ್ರೆ ನನ್ನದೂ ಮಗನದೂ. ಹೊಳಪು ಬರುವುದಿಲ್ಲ ಎಂಬ ದೂರಿದೆ. ಇರಲಿ.

ಊರ ಹಬ್ಬದ ಸೊಗಸಿನ ಬಗ್ಗೆ ಬರೆಯುವುದು ಸುಲಭ. ತಂಬಿಟ್ಟಿನ ದೀಪ ಹೊತ್ತ ಹೆಂಗಸರ ಸಾಲು, ತಮಟೆ, ಸಂಕ್ರಾಂತಿಯ ಸಂಜೆ ಕಿಚ್ಚು ಹಾಯುವ ದನ, ಕೆರೆಯಂಗಳದಲ್ಲಿ ಪೂಜೆಗೊಳ್ಳುವ ಕಾಟುಮರಾಯ. ಆದರೆ ಊರ ಹಬ್ಬ ಊರಿನ ಎಲ್ಲ ಮಕ್ಕಳದೂ ಆಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಉತ್ಸವದ ದೇವರ ಕೋಲು ಮುಟ್ಟಿದನೆಂದು ದಲಿತ ಹುಡುಗನೊಬ್ಬನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಪ್ರಕರಣ ದಾಖಲಾಯಿತು, ಅಧಿಕಾರಿಗಳು ಬಂದರು, ದೇಶವೆಲ್ಲ ಸುದ್ದಿಯಾಯಿತು. ಇಷ್ಟಾದ ಮೇಲೆ ಆ ಮನೆಯ ಗೋಡೆಯಲ್ಲಿ ದೇವರ ಪಟಗಳಿದ್ದ ಜಾಗಕ್ಕೆ ಅಂಬೇಡ್ಕರ್ ಪಟ ಬಂತು. ಅಂಬೇಡ್ಕರ್ ಹುಟ್ಟಿದ ದಿನ ಏಪ್ರಿಲ್ 14ರಂದು ಹೊಸ ಬಟ್ಟೆ, ಪಾಯಸ, ಪಟಕ್ಕೆ ಮಕ್ಕಳ ಕೈಯಿಂದ ಹೂವಿನ ಹಾರ ಎಂದು ಜಿಲ್ಲೆಯ ಎಷ್ಟೋ ದಲಿತ ಮನೆಗಳು ನಡೆಸಿಕೊಂಡು ಬಂದಿವೆ. ಬೀದಿಯ ಮೆರವಣಿಗೆಯಷ್ಟೇ ಮನೆಯೊಳಗಿನ ಆ ಪಾಯಸವೂ ಮುಖ್ಯ. ಸ್ವಂತ ಹಬ್ಬ ಕಟ್ಟಿಕೊಳ್ಳುವುದು ಕೆಲವರಿಗೆ ಹವ್ಯಾಸ, ಕೆಲವರಿಗೆ ಮರ್ಯಾದೆಯ ಪ್ರಶ್ನೆ.

ಹಬ್ಬವನ್ನು ಹೊಸದಾಗಿ ಕಟ್ಟುವುದಕ್ಕೆ ನಮ್ಮ ಕಣ್ಣೆದುರಿನ ಒಳ್ಳೆಯ ಉದಾಹರಣೆ ಕೋಲಾರದ ಅಂತರಗಂಗೆ ಬೆಟ್ಟಸಾಲಿನಲ್ಲೇ ಇದೆ. ತೇರಹಳ್ಳಿಯ ಬಳಿ ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆಗೊಮ್ಮೆ ಜನ ಸೇರಿ, ಬಂಡೆಗಳ ನಡುವೆ ಹಾಡು ಕೇಳಿ, ನಾಟಕ ನೋಡಿ ಬರುವ ‘ಹುಣ್ಣಿಮೆ ಹಾಡು’ ಹುಟ್ಟಿಕೊಂಡಿತು. ಯಾವ ದೇವರ ಉತ್ಸವವೂ ಅಲ್ಲ, ಸರ್ಕಾರದ ಜಯಂತಿಯೂ ಅಲ್ಲ. ದಿನ ಗೊತ್ತುಮಾಡುವುದು ಆಕಾಶ. ಆಹ್ವಾನಪತ್ರಿಕೆ ಬಾರದಿದ್ದರೂ ಚಂದ್ರ ಬರುತ್ತಾನೆ.

ಅದನ್ನೇ ಚಿಕ್ಕದು ಮಾಡಿ ಮಾಡಿ ಮಹಡಿಯ ಮೇಲೆ ತಂದುಕೊಳ್ಳಬಹುದು. ಹುಣ್ಣಿಮೆಯ ರಾತ್ರಿ ಒಂದೇ ಬೋಗುಣಿಯಲ್ಲಿ ಅನ್ನ ಬಸ್ಸಾರು ಕಲಸಿಕೊಂಡು ಹೋಗಿ, ಲೈಟು ಆರಿಸಿ, ಸುತ್ತ ಕೂತವರಿಗೆ ಕೈತುತ್ತು. ಹಾಕುವವರು ಒಂದೊಂದು ತಿಂಗಳು ಒಬ್ಬೊಬ್ಬರು. ಆರು ವರ್ಷದ ಮಗು ಅಪ್ಪನ ಅಂಗೈಗೆ ತುತ್ತು ಇಡುವಾಗ ಅರ್ಧ ಅನ್ನ ಮೊಳಕೈವರೆಗೆ ಹರಿದಿರುತ್ತದೆ. ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದ ಕೊಪ್ಪಳದ ಕಡೆಯ ಹೆಣ್ಣುಮಗಳು ಇದಕ್ಕೆ ಒಂದು ಹೊಸ ಬಣ್ಣ ಕೊಟ್ಟಳು. ಅವರ ಕಡೆ ಹುಣ್ಣಿಮೆಗಳಿಗೆಲ್ಲ ಹೆಸರುಂಟು: ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರ ಹುಣ್ಣಿಮೆ, ನೂಲ ಹುಣ್ಣಿಮೆ, ಸೀಗಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ನಮ್ಮ ಕಡೆಯ ಮಕ್ಕಳಿಗೆ ಆ ಹೆಸರುಗಳೆಲ್ಲ ಹೊಸವು. ಅವನ್ನು ಬಾಯಿಪಾಠ ಮಾಡಿ ಈಗ ನಮಗೇ ಪರೀಕ್ಷೆ ಕೊಡುತ್ತವೆ. ಮಳೆಗಾಲದಲ್ಲಿ ಮೋಡ ಮುಚ್ಚಿದರೆ ಊಟ ರದ್ದೋ ಅಲ್ಲವೋ ಎಂಬ ಜಗಳವಾಗುತ್ತದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಮಳೆ ಬರಲೆಂದು ಮಕ್ಕಳೇ ಬೆಳದಿಂಗಳಲ್ಲಿ ರಂಗೋಲಿಯಿಂದ ತಿಂಗಳ ಮಾಮನನ್ನು ಬರೆದು ಪೂಜಿಸುತ್ತಿದ್ದರು ಎಂದು ಹೇಳಿದ್ದೇ ತಡ, ಮೋಡವಿದ್ದ ರಾತ್ರಿ ಮಹಡಿಯ ಮೇಲೆ ಸೀಮೆಸುಣ್ಣದ ಚಂದ್ರ ಹುಟ್ಟಿದ. ಅಲ್ಲಿಗೆ ರದ್ದತಿಯ ಪ್ರಶ್ನೆ ಬಗೆಹರಿಯಿತು.

ಈ ಬಗೆಯ ಸ್ವಂತ ಪದ್ಧತಿಗೆ ಇನ್ನೊಂದು ಅನುಕೂಲವಿದೆ. ಮನೆಯಲ್ಲಿ ಸಾವಾದರೆ ವರ್ಷ ತುಂಬುವ ತನಕ ಹಬ್ಬವಿಲ್ಲ ಎನ್ನುತ್ತೇವೆ. ದೊಡ್ಡವರಿಗೆ ಅದರ ಅರ್ಥ ಗೊತ್ತು. ಮಕ್ಕಳಿಗೆ ಮಾತ್ರ ತಾತನೂ ಹೋದ, ಕಜ್ಜಾಯವೂ ಹೋಯಿತು, ಎರಡೂ ಒಂದೇ ಸಲ. ಅವರೆಕಾಯಿಗೆ, ಬೆಳದಿಂಗಳ ಊಟಕ್ಕೆ ಸೂತಕದ ಕಟ್ಟಿಲ್ಲ. ಕಾಳು ಹಿತುಕುತ್ತ ತಾತನ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು.

ಕೊಂಡು ತಂದ ಹಬ್ಬದ ಬಗ್ಗೆ ಹೆಚ್ಚು ಹೇಳಲಾರೆ. ಪ್ಯಾಕೆಟ್ಟಿನ ಎಳ್ಳುಬೆಲ್ಲ, ಗೋಡೆಗೆ ಅಂಟಿಸುವ ತಳಿರುತೋರಣ, ಕಾರ್ಟೂನಿನ ಬಣ್ಣಕ್ಕೆ ಹೊಂದಿಸಿದ ಹುಟ್ಟುಹಬ್ಬ, ಇವುಗಳಿಂದ ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಎಳ್ಳುಬೆಲ್ಲಕ್ಕೆ ಕೊಬ್ಬರಿಯನ್ನು ವಕ್ರವಕ್ರವಾಗಿ ಹೆಚ್ಚಿದ ಮಗು ಬೀದಿಯ ಮನೆಮನೆಗೂ ಹೋಗಿ ‘ಇದು ನಾನು ಹೆಚ್ಚಿದ್ದು’ ಎಂದು ತೋರಿಸಿ ಬರುತ್ತದೆ. ಪ್ಯಾಕೆಟ್ಟು ಹಂಚುವ ಮಗು ಬೇಗ ಮನೆಗೆ ಬರುತ್ತದೆ.

ಮಕ್ಕಳು ಬೆಳೆದ ಮೇಲೆ ಏನು ಎಂಬುದಕ್ಕೆ ನನ್ನ ಬಳಿ ಅರ್ಧ ಉತ್ತರವಿದೆ. ನಮ್ಮ ಮಗಳು ಹೈಸ್ಕೂಲು ಸೇರಿದ ಮೇಲೆ ಅವರೆಯ ವಾಸನೆ ಕೈಗೆ ಹತ್ತುತ್ತದೆ, ಗೆಳತಿಯರು ನಗುತ್ತಾರೆ ಎಂದು ಹಿತುಕುವುದರಿಂದ ರಜೆ ಕೇಳಿದಳು. ಕೊಟ್ಟೆವು. ಬಲವಂತದಿಂದ ಮಾಡಿಸಿದರೆ ಅದು ಹೋಮ್‌ವರ್ಕ್ ಆಗುತ್ತದೆ. ಆದರೆ ಮಾವಿನ ವಿಷಯದಲ್ಲಿ ಅವಳು ಜಪ್ಪಯ್ಯ ಎಂದರೂ ಜಗ್ಗುತ್ತಿಲ್ಲ. ಮೇ ತಿಂಗಳಲ್ಲಿ ಶ್ರೀನಿವಾಸಪುರದ ಕಡೆಯಿಂದ ಮೊದಲ ಬುಟ್ಟಿ ಬಾದಾಮಿ ಬಂದಾಗ ಹಣ್ಣುಗಳನ್ನು ಒಂದೊಂದಾಗಿ ಮೂಸಿ, ಮೊದಲು ಕುಯ್ಯುವ ಹಣ್ಣನ್ನು ಆರಿಸುವ ಅಧಿಕಾರ ಹಿಂದಿನಿಂದಲೂ ಅವಳದು. ವಾಟೆ ಚೀಪುವ ಹಕ್ಕೂ ಅದರ ಜತೆಗೇ ಬರುತ್ತದೆ. ಹಿತುಕುವ ಕೆಲಸ ಬಿಟ್ಟವರಿಗೆ ಹಣ್ಣು ಆರಿಸುವ ಹಕ್ಕೂ ಇಲ್ಲ ಎಂದು ತಮ್ಮ ತಕರಾರು ತೆಗೆದಿದ್ದಾನೆ. ಕೈಬರಹದಲ್ಲಿ ಬರೆದು, ಸಹಿ ಹಾಕಿ ಫ್ರಿಜ್ಜಿಗೆ ಅಂಟಿಸಿದ್ದಾನೆ. ಅಕ್ಕ ಅದರ ಕೆಳಗೆ ‘ತಿರಸ್ಕರಿಸಲಾಗಿದೆ’ ಎಂದು ಬರೆದಿದ್ದಾಳೆ. ಬೇಸಿಗೆ ರಜೆಗೆ ಅವರ ಸೋದರಮಾವ ಬಂದಾಗ ಪಂಚಾಯಿತಿ ಸೇರುವುದೆಂದು ಸದ್ಯಕ್ಕೆ ಒಪ್ಪಿಕೊಂಡಿದ್ದಾರೆ.